ಮಳೆ ರಜೆ ಮುಗಿದ ಬೆಳಿಗ್ಗೆಯ ಹೊಟ್ಟೆನೋವು

ಮಳೆಗಾಲದಲ್ಲಿ ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾದ ಮಕ್ಕಳು ಮಲಗುವ ಮುಂಚೆ ಕೇಳುವ ಪ್ರಶ್ನೆ ಒಂದೇ: ನಾಳೆ ಜಿಲ್ಲಾಧಿಕಾರಿ ರಜೆ ಕೊಟ್ಟರಾ? ಬಹುಪಾಲು ಮಕ್ಕಳಿಗೆ ಅದು ಖುಷಿ. ಕೆಲವರಿಗೆ ಮಾತ್ರ ಬಿಡುಗಡೆ. ರಜೆ ಮುಗಿದು ಶಾಲೆ ತೆರೆಯುವ ದಿನ ಆ ಮಕ್ಕಳಿಗೆ ಬೆಳಿಗ್ಗೆಯೇ ಹೊಟ್ಟೆನೋವು. ದೋಸೆ ಗಂಟಲಲ್ಲಿ ಇಳಿಯುವುದಿಲ್ಲ, ಅಂಗೈ ತಣ್ಣಗಾಗಿ ಬೆವರುತ್ತದೆ, ಬಸ್ಸಿನ ಹಾರ್ನ್ ಕೇಳಿದರೆ ವಾಂತಿ ಬಂದ ಹಾಗೆ. ಬಸ್ಸು ಹೋಗಿ ಅರ್ಧ ಗಂಟೆಗೆ ಎಲ್ಲ ಸರಿ. ಆಗ ಮನೆಯಲ್ಲಿ ಯಾರಾದರೊಬ್ಬರು ‘ಎಲ್ಲಾ ನಾಟಕ’ ಅನ್ನುತ್ತಾರೆ.

ಮಗು ನಾಟಕ ಮಾಡುತ್ತಿಲ್ಲ. ಹೆದರಿದಾಗ ಮಿದುಳು ದೇಹವನ್ನು ಓಡಲು ಸಜ್ಜು ಮಾಡುತ್ತದೆ. ಎದೆಬಡಿತ ಏರುತ್ತದೆ, ರಕ್ತ ಕೈಕಾಲಿನ ಸ್ನಾಯುಗಳ ಕಡೆ ಹರಿಯುತ್ತದೆ, ಜೀರ್ಣಕ್ರಿಯೆ ಕುಂಠಿತವಾಗುತ್ತದೆ. ನೋವು ನಿಜವಾದದ್ದೇ. ಒಮ್ಮೆ ವೈದ್ಯರಿಗೆ ತೋರಿಸಿ ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಜ್ಜಿ ಉಪ್ಪು-ಮೆಣಸು ನಿವಾಳಿಸಿ ದೃಷ್ಟಿ ತೆಗೆಯುವುದಾದರೆ ತೆಗೆಯಲಿ, ಆ ಕೈ ಮಗುವಿಗೆ ಹಿತವೇ. ಆದರೆ ಹೆದರಿಕೆ ವಾರಗಟ್ಟಲೆ ಉಳಿದು ಶಾಲೆ, ನಿದ್ದೆ, ಗೆಳೆತನ ಎಲ್ಲವನ್ನೂ ಕೆಡಿಸುತ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇಕು.

ಇಂಥ ಆತಂಕವನ್ನು ಹೆಚ್ಚು ಬೆಳೆಸುವುದು ತಪ್ಪಿಸಿಕೊಳ್ಳುವಿಕೆ. ‘ಇವತ್ತೊಂದಿನ ಬೇಡ ಬಿಡು’ ಎಂದ ಕೂಡಲೇ ಮಗುವಿಗೆ ನಿರಾಳ. ‘ಮನೆಯಲ್ಲಿ ಉಳಿದದ್ದಕ್ಕೇ ಬಚಾವಾದೆ’ ಎಂದು ಮನಸ್ಸು ಕಲಿತುಬಿಡುತ್ತದೆ. ಮರುದಿನ ಶಾಲೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಹೀಗೆ ತಪ್ಪಿಸಿಕೊಳ್ಳಲು ಸಹಾಯ ಮಾಡುವವರು ಮಗುವನ್ನು ತುಂಬಾ ಪ್ರೀತಿಸುವವರೇ. ಕ್ಲಾಸ್ ಮುಗಿಯುವವರೆಗೆ ಶಾಲೆಯ ಜಗಲಿಯಲ್ಲಿ ಕೂತಿರುವ ಆಯಿ ಇರಬಹುದು. ದುಬೈಯಲ್ಲಿ ದುಡಿಯುತ್ತ, ಭಟ್ಕಳದ ಮಗಳು ಫೋನ್ ಮಾಡಿದಾಗಲೆಲ್ಲ ಕೆಲಸ ಬಿಟ್ಟು ವಿಡಿಯೊ ಕಾಲಿಗೆ ಬಂದು ‘ಏನೂ ಆಗಲ್ಲ’ ಎನ್ನುವ ಅಪ್ಪ ಇರಬಹುದು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಜ್ ಮತ್ತು ಸಂಗಡಿಗರು ಆತಂಕವಿದ್ದ 124 ಮಕ್ಕಳ ಕುಟುಂಬಗಳನ್ನು ಎರಡು ಗುಂಪು ಮಾಡಿದರು. ಒಂದರಲ್ಲಿ ಮಕ್ಕಳಿಗೇ ಮನೋಚಿಕಿತ್ಸೆ ನಡೆಯಿತು. ಇನ್ನೊಂದರಲ್ಲಿ ತಂದೆತಾಯಿಗೆ ಮಾತ್ರ ತರಬೇತಿ, ಮಗುವಿಗೆ ಚಿಕಿತ್ಸೆಯೇ ಇಲ್ಲ. ಎರಡೂ ಗುಂಪಿನ ಮಕ್ಕಳು ಸರಿಸುಮಾರು ಒಂದೇ ಪ್ರಮಾಣದಲ್ಲಿ ಚೇತರಿಸಿಕೊಂಡರು. ಮಕ್ಕಳ ಮನೋವೈದ್ಯರು ಕೈಗೆ ಸಿಗದ ನಮ್ಮ ಕರಾವಳಿಗೆ ಇದಕ್ಕಿಂತ ಉಪಯೋಗದ ಸಂಶೋಧನೆ ನನಗೆ ಕಾಣುತ್ತಿಲ್ಲ. ಆ ತಂದೆತಾಯಿ ಕಲಿತದ್ದು ಎರಡು ಸಂಗತಿ. ಹೆದರಿಕೆಯನ್ನು ಒಪ್ಪಿಕೊಂಡು ಮಗುವಿನ ಮೇಲೆ ಭರವಸೆ ಇಡುವುದು: ‘ನಿಂಗೆ ತುಂಬಾ ಹೆದರಿಕೆ ಆಗ್ತಿದೆ, ಗೊತ್ತು. ಆದ್ರೂ ನೀನು ತಡ್ಕೊಳ್ತೆ.’ ಮತ್ತೆ, ತಾವು ಕೊಡುತ್ತಿದ್ದ ರಿಯಾಯಿತಿಯನ್ನು ಮೊದಲೇ ಹೇಳಿ, ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುವುದು. ಗದರುವುದೂ ಇಲ್ಲ, ಪುಸಲಾಯಿಸುವುದೂ ಇಲ್ಲ.

ಶಾಲೆ ಬಿಟ್ಟು ಕೂತ ಹುಡುಗನ ವಿಷಯದಲ್ಲಿ ಇದು ಹೀಗೆ ನಡೆದೀತು. ಮೊದಲು ಯೂನಿಫಾರ್ಮ್ ಹಾಕಿ ಬಸ್ ಸ್ಟಾಪಿನವರೆಗೆ. ಅದು ರೂಢಿಯಾದ ಮೇಲೆ ಗೇಟಿನವರೆಗೆ, ಆಮೇಲೆ ತನಗಿಷ್ಟದ ಅಕ್ಕೋರ ಒಂದೇ ಪಿರಿಯಡ್, ಆಮೇಲೆ ಊಟದವರೆಗೆ. ಪ್ರತಿ ಹಂತದಲ್ಲೂ ಎದೆ ಡವಡವ ಎನ್ನುತ್ತದೆ. ಅದು ಇಳಿಯುವ ತನಕ ಅಲ್ಲೇ ನಿಲ್ಲುವುದು ಮುಖ್ಯ. ಮಾಸ್ತರು ‘ಇಷ್ಟು ದಿನ ಎಲ್ಲಿದ್ದೆಯೋ?’ ಎಂದು ಎಲ್ಲರ ಮುಂದೆ ಕೇಳಿಬಿಟ್ಟರೆ ಮತ್ತೆ ಮೊದಲಿಂದ ಶುರು. ಆದ್ದರಿಂದ ಶಾಲೆಗೆ ಮುಂಚೆಯೇ ತಿಳಿಸಿರಬೇಕು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇನ್ನೊಂದು ಮಾತನ್ನೂ ನೆನಪಿಸಬೇಕು: 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಮಾರ್ಚಿನದೇ ಕೊನೆಯಲ್ಲ.

ಗುಡ್ಡದ ಬುಡದ ಮನೆಗಳ ಮಕ್ಕಳ ಸಂಗತಿ ಬೇರೆ. 2022ರ ಆಗಸ್ಟ್‌ನಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಕುಮಟಾ ಪಕ್ಕದ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಬಂತು. ಇದನ್ನು ಕಂಡ ಮಗುವಿಗೆ ‘ಹೆದರಬೇಡ’ ಎಂದರೆ ಅದು ನಮ್ಮ ಮಾತನ್ನು ನಂಬುವುದಿಲ್ಲ. ಗುಡ್ಡ ಬಿರುಕು ಬಿಟ್ಟಿದ್ದರೆ, ಆಡಳಿತ ಜಾಗ ಬಿಡಿ ಎಂದಿದ್ದರೆ ಹೊರಡಲೇಬೇಕು. ಯಾವಾಗ, ಎಲ್ಲಿಗೆ, ಏನು ಹೊತ್ತು ಹೋಗುವುದೆಂದು ಮಗುವನ್ನೂ ಕೂರಿಸಿಕೊಂಡು ಮೊದಲೇ ತೀರ್ಮಾನಿಸಿ. ಉಳಿದ ದಿನ ಮಳೆ ಸುದ್ದಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿದರೆ ಸಾಕು. ಕುಸಿತದ ವಿಡಿಯೊಗಳನ್ನು ಮಕ್ಕಳ ಮುಂದೆ ಮತ್ತೆ ಮತ್ತೆ ಹಚ್ಚುವುದನ್ನು ನಿಲ್ಲಿಸಬೇಕು.

ಮನೆಯ ಪ್ರಯತ್ನ ಸಾಲದಿದ್ದರೆ ಚಿಕಿತ್ಸೆಗೆ ಹಿಂಜರಿಯಬೇಡಿ. 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ 7ರಿಂದ 17 ವರ್ಷದ 488 ಮಕ್ಕಳಿದ್ದರು. ಆಲೋಚನೆ-ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆಯಿಂದ (ಸಿಬಿಟಿ) ಶೇ 60ರಷ್ಟು, ಸರ್ಟ್ರಲೀನ್ ಮಾತ್ರೆಯಿಂದ ಶೇ 55ರಷ್ಟು, ಎರಡೂ ಸೇರಿದಾಗ ಶೇ 81ರಷ್ಟು ಮಕ್ಕಳು ಸುಧಾರಿಸಿದರು. ಮಾತ್ರೆಯನ್ನು ಮನೋವೈದ್ಯರೇ ಬರೆಯಬೇಕು, ಅವರ ನಿಗಾದಲ್ಲೇ ಕೊಡಬೇಕು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಯೋಜನೆ ರಾಜ್ಯದಲ್ಲಿದೆ. ನಿಮ್ಮಲ್ಲಿಗೆ ಯಾವಾಗ ಬರುತ್ತಾರೆಂದು ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗು ಸಾಯುವ ಮಾತಾಡಿದರೆ ಮಂಗಳವಾರಕ್ಕಾಗಿ ಕಾಯಬೇಡಿ. ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಭಟ್ಕಳದವರಿಗೆ ಕಾರವಾರದ ಜಿಲ್ಲಾ ಆಸ್ಪತ್ರೆ ನೂರು ಕಿಲೋಮೀಟರಿಗೂ ದೂರ. ಹೆಚ್ಚಿನವರು ಮಣಿಪಾಲದ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಘಟ್ಟ ಹತ್ತಬೇಕು. ದಿನದ ಕೂಲಿ ಬಿಟ್ಟು ತಿಂಗಳಿಗೆರಡು ಸಲ ಹೀಗೆ ಹೋಗಿಬರುವುದು ಹೊನ್ನಾವರದ ಕಾಸರಕೋಡಿನ ಮೀನುಗಾರ ಮನೆಗಾಗಲಿ, ಕುಮಟೆಯ ಹಾಲಕ್ಕಿ ಮನೆಗಾಗಲಿ ಸುಲಭವಲ್ಲ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಾವೆಲ್ಲ ವರ್ಷಗಳಿಂದ ಕೇಳುತ್ತಿದ್ದೇವೆ. ಆ ಬೇಡಿಕೆಯ ಜೊತೆಗೇ, ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಕ್ಕಳ ಆತಂಕದ ಬಗ್ಗೆ ತರಬೇತಿ ಪಡೆದ ಒಬ್ಬೊಬ್ಬ ಕಾಯಂ ಆಪ್ತಸಮಾಲೋಚಕರು ಬೇಕೆಂದು ಕೇಳೋಣ. ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ, ಒಂದು ಕೋಣೆ ಸಾಕು.