ಪುಟಿಯುವ ಸುತ್ತಿಗೆ ಹೇಳುವುದೆಷ್ಟು?

ತಾರಸಿಯ ಅಡಿಯಿಂದ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಇಣುಕುತ್ತದೆ. ಇಲ್ಲವೇ ಕಂಬದ ಉದ್ದಕ್ಕೂ ಬಿರುಕು ಬಿಡುತ್ತದೆ. ಮೇಸ್ತ್ರಿ ಬಂದು ಸಿಮೆಂಟು ಮೆತ್ತಿ, ಪುಟ್ಟಿ ಬಳಿದು, ಬಣ್ಣ ಹೊಡೆಯುತ್ತಾರೆ. ಬಿರುಕು ಕಣ್ಮರೆಯಾಗುತ್ತದೆ, ಅದರ ಕಾರಣ ಒಳಗೇ ಉಳಿಯುತ್ತದೆ. ಹಾಗೆ ಮುಚ್ಚುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ಪರೀಕ್ಷೆ ಮಾಡಿಸಬೇಕು. ಈ ಕೆಲಸದಲ್ಲಿ ಹೆಚ್ಚು ಬಳಕೆಯಾಗುವ ಉಪಕರಣವೆಂದರೆ ಕೈಯಲ್ಲಿ ಹಿಡಿಯುವ ಲೋಹದ ಕೊಳವೆಯಂಥ ರಿಬೌಂಡ್ ಹ್ಯಾಮರ್. ಕಾಂಕ್ರೀಟನ್ನು ಒಡೆಯದೆ ಅದರ ಗಟ್ಟಿತನ ಅಂದಾಜಿಸಲು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಅರ್ನ್ಸ್ಟ್ ಶ್ಮಿಟ್ 1940ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು.

ಕೊಳವೆಯ ತುದಿಯಲ್ಲಿರುವ ಉಕ್ಕಿನ ಕಡ್ಡಿಯನ್ನು ಕಂಬಕ್ಕೆ ನೇರವಾಗಿ ಊರಿ ನಿಧಾನವಾಗಿ ಒತ್ತಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತ ಹೋಗುತ್ತದೆ. ಒಂದು ಹಂತದಲ್ಲಿ ಕೊಂಡಿ ಕಳಚಿ, ಒಳಗಿನ ಉಕ್ಕಿನ ತೂಕ ಕಡ್ಡಿಗೆ ಟಕ್ಕೆಂದು ಬಡಿದು ಹಿಂದಕ್ಕೆ ಪುಟಿಯುತ್ತದೆ. ಎಷ್ಟು ಪುಟಿಯಿತೆಂದು ಪಕ್ಕದ ಅಳತೆಪಟ್ಟಿ ತೋರಿಸುತ್ತದೆ. ಸಿಮೆಂಟು ನೆಲದಿಂದ ಚೆಂಡು ಎಗರುವ ಹಾಗೆ ಹಸಿಮಣ್ಣಿನಿಂದ ಎಗರುವುದಿಲ್ಲವಲ್ಲ, ಇದೂ ಅಷ್ಟೆ. ಗಟ್ಟಿ ಮೈ ಹೊಡೆತದ ಶಕ್ತಿಯನ್ನು ಹಿಂದಿರುಗಿಸುತ್ತದೆ, ಮೆತ್ತನೆಯ ಮೈ ನುಂಗಿಕೊಳ್ಳುತ್ತದೆ.

ಗಾರೆಯ ಮೇಲೆ ಹೊಡೆದರೆ ಸಿಗುವುದು ಗಾರೆಯ ಲೆಕ್ಕ ಮಾತ್ರ. ಹಾಗಾಗಿ ಗಾರೆ ಕೆತ್ತಿ ತೆಗೆದು, ಕಾಂಕ್ರೀಟನ್ನು ಉಜ್ಜುಕಲ್ಲಿನಿಂದ ನಯಮಾಡಿ, ಒಂದೊಂದು ಜಾಗದಲ್ಲೂ ಹಲವು ಸಲ ಹೊಡೆದು ಸರಾಸರಿ ತೆಗೆಯಬೇಕು. ಇಷ್ಟೆಲ್ಲ ಮಾಡಿದರೂ ಅಂದಾಜು ಶೇ. 25ರಷ್ಟು ಆಚೀಚೆ ಆಗಬಹುದು ಎಂದು 1992ರ ಭಾರತೀಯ ಮಾನಕ ಐಎಸ್ 13311 ಹೇಳಿತ್ತು. ಸುತ್ತಿಗೆಗೆ ತಿಳಿಯುವುದು ಮೇಲ್ಪದರದ ಸ್ಥಿತಿ ಮಾತ್ರ.

ಅಪಾಯ ಇರುವುದೂ ಇಲ್ಲೇ. ಹೊಸ ಕಾಂಕ್ರೀಟು ಬಲವಾದ ಕ್ಷಾರ. ಆ ಕ್ಷಾರದಿಂದಾಗಿ ಕಂಬಿಯ ಮೇಲೆ ತೆಳುವಾದ ರಕ್ಷಣಾ ಪೊರೆ ಉಳಿದಿರುತ್ತದೆ. ವರ್ಷಗಟ್ಟಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಸೇರಿ ಕಾಂಕ್ರೀಟಿನ ಸುಣ್ಣವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಸುತ್ತದೆ. ಕ್ಷಾರ ಇಳಿದು ಪೊರೆ ಕರಗುತ್ತದೆ. ತೇವ ಸೇರಿದರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಆದರೆ ಇದೇ ಬದಲಾವಣೆ ಕಾಂಕ್ರೀಟಿನ ಮೈಯನ್ನು ಗಟ್ಟಿಯಾಗಿಸುತ್ತದೆ. ಹೀಗಾಗಿ ಕಂಬಿ ರಕ್ಷಣೆ ಕಳೆದುಕೊಂಡ ಜಾಗದಲ್ಲೇ ಸುತ್ತಿಗೆ ಒಳ್ಳೆಯ ಅಂಕ ತೋರಿಸಬಹುದು.

ಆದ್ದರಿಂದ ಬಲ್ಲ ಎಂಜಿನಿಯರ್ ಸುತ್ತಿಗೆಯೊಂದನ್ನೇ ನಂಬಿ ಕೂರುವುದಿಲ್ಲ. ಹೊಸದಾಗಿ ಕೆತ್ತಿದ ಗುಳಿಗೆ ಫೀನಾಲ್ಫ್ಥಲೀನ್ ದ್ರಾವಣ ಸಿಂಪಡಿಸುತ್ತಾರೆ. ಕ್ಷಾರ ಉಳಿದ ಭಾಗ ಕಡುಗುಲಾಬಿಗೆ ತಿರುಗುತ್ತದೆ, ಕ್ಷಾರ ಕಳೆದುಕೊಂಡ ಅಂಚು ಬಣ್ಣವಿಲ್ಲದೆ ಉಳಿಯುತ್ತದೆ. ಬಣ್ಣ ಬಾರದ ಪದರ ಕಂಬಿಯವರೆಗೂ ಮುಟ್ಟಿದ್ದರೆ ವಿಷಯ ಗಂಭೀರ. ಕಂಬದ ಒಂದು ಬದಿಯಿಂದ ಇನ್ನೊಂದು ಬದಿಗೆ ಅಲ್ಟ್ರಾಸೌಂಡ್ ತರಂಗ ಹಾಯಿಸಿ ವೇಗವನ್ನೂ ಅಳೆಯುತ್ತಾರೆ. 1992ರ ಐಎಸ್ 13311 ಸೆಕೆಂಡಿಗೆ 4.5 ಕಿ.ಮೀ. ದಾಟಿದರೆ ಕಾಂಕ್ರೀಟು ಅತ್ಯುತ್ತಮವೆಂದೂ 3 ಕಿ.ಮೀ.ಗಿಂತ ಕಡಿಮೆಯಿದ್ದರೆ ಸಂದೇಹಾಸ್ಪದವೆಂದೂ ಹೇಳಿತ್ತು. ಒಳಗೆ ಟೊಳ್ಳು ಅಥವಾ ಬಿರುಕು ಇದ್ದರೆ ತರಂಗ ಸುತ್ತಿ ಬಳಸಿ ಬರಬೇಕಾಗುವುದರಿಂದ ತಡವಾಗುತ್ತದೆ. ಆಗಲೂ ಅನುಮಾನ ತೀರದಿದ್ದರೆ ಕಾಂಕ್ರೀಟಿನ ಉರುಳೆಯಾಕಾರದ ತುಂಡನ್ನು ಕೊರೆದು ತೆಗೆದು, ಪ್ರಯೋಗಾಲಯದಲ್ಲಿ ಒತ್ತಿ ಒಡೆದು ನೋಡುತ್ತಾರೆ.

ಬಿರುಕಿಗೆ ಕಂಬವೇ ಕಾರಣವಾಗಬೇಕೆಂದೂ ಇಲ್ಲ. ಎರೆಮಣ್ಣಿನ ಸೀಮೆಯಲ್ಲಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ನೆಲ ಗೋಡೆಯನ್ನು ಓರೆಯಾಗಿ ಸೀಳುತ್ತದೆ. ಅಲ್ಲಿ ನೋಡಬೇಕಾದ್ದು ಪಾಯವನ್ನು.

ವರದಿ ಕೈಗೆ ಬಂದಾಗ ಮೂರು ಸಂಗತಿ ಕೇಳಿ ಪಡೆಯಿರಿ: ಎಲ್ಲೆಲ್ಲಿ ಪರೀಕ್ಷಿಸಿದರು, ಯಾವ ವಿಧಾನದಲ್ಲಿ ಎಷ್ಟು ಬಂತು, ಹಾನಿಯ ಕಾರಣವೇನು. ಕಾರಣ ಬರೆಯದ ವರದಿಯ ಮೇಲೆ ದುರಸ್ತಿಗೆ ಹಣ ಸುರಿಯಬೇಡಿ. ಕಂಬದ ಬಿರುಕು ದಿನೇ ದಿನೇ ಅಗಲವಾಗುತ್ತಿದ್ದರೆ, ತೊಲೆ ಬಾಗುತ್ತಿದ್ದರೆ ಮಾತ್ರ ಯಾವ ವರದಿಗೂ ಕಾಯದೆ ಮೊದಲು ಮನೆಯವರೆಲ್ಲ ಹೊರಗೆ ಬನ್ನಿ.