ಒತ್ತುವರಿ ತೆರವು: ಸಹಜ ನ್ಯಾಯ, ತಡೆಯಾಜ್ಞೆ, ಯಥಾಸ್ಥಿತಿ ಎಂದರೇನು?

ಗ್ರಾಮದ ರಸ್ತೆಗೆ ಚಾಚಿಕೊಂಡು ಕಟ್ಟಿರುವ ಜಗಲಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಸಾಮಾನ್ಯ ಸಭೆಯಲ್ಲಿ ತೆರವಿನ ನಿರ್ಣಯವಾಗಿ, ಮರುದಿನವೇ ಜೆಸಿಬಿ ಬರುತ್ತದೆ. ಕೆಲವು ವಾರಗಳಲ್ಲಿ ಪಂಚಾಯಿತಿಯ ಕ್ರಮವನ್ನೇ ರದ್ದುಪಡಿಸುವ ಆದೇಶ ಕೈಸೇರುತ್ತದೆ. ಒತ್ತುವರಿ ನಿಜವೇ ಆಗಿದ್ದರೂ ಪಂಚಾಯಿತಿ ಸೋಲುವುದಕ್ಕೆ ಅನೇಕ ವೇಳೆ ಕಾರಣ, ‘ಸಹಜ ನ್ಯಾಯ’ ತತ್ತ್ವದ ಉಲ್ಲಂಘನೆ.

ಈ ತತ್ತ್ವದ ಮೊದಲ ನಿಯಮವೆಂದರೆ, ಬಾಧಿತನ ಮಾತನ್ನು ಆಲಿಸದೆ ಅವನ ವಿರುದ್ಧ ಆದೇಶ ಮಾಡಬಾರದು. ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ (ಓಲ್ಗಾ ಟೆಲ್ಲಿಸ್, 1985) ಅಲ್ಲಿನ ಪಾಲಿಕೆ ಕಾಯ್ದೆಯು ನೋಟಿಸಿಲ್ಲದೆ ತೆರವುಗೊಳಿಸಲು ಅವಕಾಶ ನೀಡಿತ್ತು. ಸರ್ವೋಚ್ಚ ನ್ಯಾಯಾಲಯವು ಆ ಕಲಮನ್ನು ಎತ್ತಿಹಿಡಿಯಿತು. ಆದರೆ ಅದು ಅಧಿಕಾರವೇ ಹೊರತು ಆಜ್ಞೆಯಲ್ಲ, ಸಾಮಾನ್ಯವಾಗಿ ನೋಟಿಸು ನೀಡಲೇಬೇಕು ಎಂದಿತು. “ಒತ್ತುವರಿದಾರನಿಗೆ ಹೇಳಲು ಏನಿರುತ್ತದೆ?” ಎಂಬ ವಾದವನ್ನೂ ಒಪ್ಪಲಿಲ್ಲ. ಪಾದಚಾರಿ ಮಾರ್ಗದಲ್ಲಿ ನೆಲೆಸುವ ಹಕ್ಕು ಯಾರಿಗೂ ಇಲ್ಲವೆಂದು ಹೇಳಿಯೂ, ಮಳೆಗಾಲ ಕಳೆಯಲೆಂದು ಆ ವರ್ಷದ ಅಕ್ಟೋಬರ್ 31ರವರೆಗೆ ತೆರವನ್ನು ಮುಂದೂಡಿತು.

2024ರ ನವೆಂಬರ್ 13ರ ತೀರ್ಪಿನಲ್ಲಿ ಅದೇ ನ್ಯಾಯಾಲಯವು ಕಟ್ಟಡ ನೆಲಸಮಕ್ಕೆ ಮುನ್ನ ಕನಿಷ್ಠ 15 ದಿನಗಳ ನೋಟಿಸನ್ನು ಕಡ್ಡಾಯಗೊಳಿಸಿದೆ. ರಸ್ತೆ, ಪಾದಚಾರಿ ಮಾರ್ಗ, ಜಲಮೂಲಗಳಂತಹ ಸಾರ್ವಜನಿಕ ಸ್ಥಳದ ಅನಧಿಕೃತ ರಚನೆಗಳಿಗೆ ಆ ನಿರ್ದೇಶನಗಳು ಅನ್ವಯಿಸುವುದಿಲ್ಲ. ಆದರೆ ಈ ವಿನಾಯಿತಿಯನ್ನು ‘ನೋಟಿಸೇ ಬೇಡ’ ಎಂದು ಓದಿಕೊಳ್ಳುವುದು ಅಪಾಯಕರ. ಆ ಜಾಗ ರಸ್ತೆಯೋ ಖಾಸಗಿ ನಿವೇಶನವೋ ಎಂಬುದೇ ಎಷ್ಟೋ ಪ್ರಕರಣಗಳಲ್ಲಿ ವಿವಾದದ ಮೂಲವಾಗಿರುತ್ತದೆ.

ನೋಟಿಸಿನಲ್ಲಿ ಸ್ಥಳದ ಗುರುತು, ಒತ್ತುವರಿಯ ಅಳತೆ, ಕಾಯ್ದೆಯ ಪ್ರಕರಣ, ಉತ್ತರಿಸಲು ಕಾಲಾವಕಾಶ ಸ್ಪಷ್ಟವಾಗಿರಬೇಕು. “ಕೂಡಲೇ ತೆರವುಗೊಳಿಸತಕ್ಕದ್ದು” ಎಂಬ ಒಂದೇ ಸಾಲು ನೋಟಿಸಾಗದು. ಅದು ಮೊದಲೇ ತೀರ್ಮಾನಿಸಿದ್ದಕ್ಕೆ ಸಾಕ್ಷಿಯಾಗುತ್ತದೆ. ಉತ್ತರ ಬಂದ ಮೇಲೆ ಅದನ್ನು ಏಕೆ ಒಪ್ಪಲಿಲ್ಲವೆಂಬ ಕಾರಣ ಆದೇಶದಲ್ಲಿಯೇ ಇರಬೇಕು.

ಎರಡನೆಯ ನಿಯಮ: ತನ್ನ ಹಿತವಿರುವ ವಿಷಯಕ್ಕೆ ತಾನೇ ನಿರ್ಣಾಯಕನಾಗಬಾರದು. ಜಮ್ಮು ಮತ್ತು ಕಾಶ್ಮೀರದ ಅರಣ್ಯಾಧಿಕಾರಿಗಳ ಆಯ್ಕೆಗೆ ಸಂಬಂಧಿಸಿದ ಕ್ರೈಪಾಕ್ ಪ್ರಕರಣದಲ್ಲಿ (1969) ಅಭ್ಯರ್ಥಿಯೊಬ್ಬರು ಆಯ್ಕೆ ಮಂಡಳಿಯ ಸದಸ್ಯರೂ ಆಗಿದ್ದರು. ತಮ್ಮ ಹೆಸರು ಬಂದಾಗ ಅವರು ಚರ್ಚೆಯಲ್ಲಿರಲಿಲ್ಲ. ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಇದ್ದರು. ಆಯ್ಕೆಯೇ ರದ್ದಾಯಿತು. ಅಣ್ಣನ ಮನೆಯ ಪಕ್ಕದ ಓಣಿಯ ವಿಷಯ ಸಭೆಗೆ ಬಂದಾಗ ಸದಸ್ಯರು ಮೌನವಾಗಿ ಕುಳಿತರೆ ಸಾಲದು. ಹೊರನಡೆಯಬೇಕು, ಹೊರನಡೆದದ್ದು ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು.

‘ತಡೆಯಾಜ್ಞೆ’ ಮತ್ತು ‘ಯಥಾಸ್ಥಿತಿ’ ಒಂದೇ ಅಲ್ಲ. ಪಂಚಾಯಿತಿಯ ಆದೇಶಕ್ಕೆ ತಡೆ ಬಂದರೆ ಅದರ ಜಾರಿ ನಿಲ್ಲುತ್ತದೆ. ಜಾಗ ಎದುರಾಳಿಯದೆಂದು ತೀರ್ಮಾನವಾದಂತಲ್ಲ. ಉಭಯ ಪಕ್ಷಗಳೂ ಯಥಾಸ್ಥಿತಿ ಕಾಯ್ದುಕೊಳ್ಳಬೇಕೆಂಬ ಆದೇಶವಾದರೆ ಅದು ಒತ್ತುವರಿದಾರನನ್ನೂ ಕಟ್ಟಿಹಾಕುತ್ತದೆ: ಅವನು ಒಂದು ಇಟ್ಟಿಗೆಯನ್ನೂ ಸೇರಿಸುವಂತಿಲ್ಲ. ಆದ್ದರಿಂದ ಆದೇಶ ತಲುಪಿದ ದಿನವೇ ಮಹಜರು ನಡೆಸಿ ಛಾಯಾಚಿತ್ರ ತೆಗೆದಿಡುವುದು ಒಳಿತು. ತಡೆಯಾಜ್ಞೆ ಆರು ತಿಂಗಳಿಗೆ ತಾನಾಗಿಯೇ ತೆರವಾಗುತ್ತದೆಂಬ ನಂಬಿಕೆ 2018ರ ತೀರ್ಪಿನಿಂದ ಬಂದದ್ದು. ಆ ತೀರ್ಪು 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದಲ್ಲಿ ರದ್ದಾಗಿದೆ. ಈಗ ಆರು ತಿಂಗಳು ಎಣಿಸಿ ಜೆಸಿಬಿ ಕಳುಹಿಸಿದರೆ ಅದು ನ್ಯಾಯಾಂಗ ನಿಂದನೆ.

ಸಿವಿಲ್ ದಾವೆಯ ಮುನ್ಸೂಚನೆ ಇದ್ದಲ್ಲಿ ‘ಕೇವಿಯಟ್’ ಸಲ್ಲಿಸಬಹುದು, ಅಂದರೆ ತಮ್ಮನ್ನು ಆಲಿಸದೆ ಮಧ್ಯಂತರ ಆದೇಶ ನೀಡಬಾರದೆಂಬ ಕೋರಿಕೆ. ಅದರ ಆಯುಸ್ಸು 90 ದಿನ.

ಇನ್ನು ‘ಪ್ರತಿಕೂಲ ಸ್ವಾಧೀನ’. ಖಾಸಗಿ ಜಮೀನಿಗೆ 12 ವರ್ಷ. ಸಾರ್ವಜನಿಕ ರಸ್ತೆಯ ಸ್ವಾಧೀನ ಕಳೆದುಕೊಂಡ ಸ್ಥಳೀಯ ಸಂಸ್ಥೆಗೆ 1963ರ ಕಾಲಮಿತಿ ಕಾಯ್ದೆಯು ದಾವೆ ಹೂಡಲು 30 ವರ್ಷ ನೀಡುತ್ತದೆ. ಬರಿಯ ನೋಟಿಸಿನಿಂದ ಈ ಗಡುವು ನಿಲ್ಲುವುದಿಲ್ಲ. ಹಳೆಯ ಒತ್ತುವರಿಗಳ ಕಡತಗಳಲ್ಲಿ ಮೊದಲು ನೋಡಬೇಕಾದದ್ದು, ಅದು ಯಾವ ವರ್ಷ ಆರಂಭವಾಯಿತೆಂಬ ದಾಖಲೆಯನ್ನು.