ಕೆಂಪು ಮನೆ

ಲಂಡನ್ನಿನ ಆಗ್ನೇಯಕ್ಕೆ, ಅಂದು ಕೆಂಟ್ ಸೀಮೆಗೆ ಸೇರಿದ್ದ ಬೆಕ್ಸ್‌ಲಿಹೀತ್ ಎಂಬ ಸಣ್ಣ ಊರಿನಲ್ಲಿ 1860ರಲ್ಲಿ ಒಂದು ಮನೆ ಎದ್ದು ನಿಂತಿತು. ಕಟ್ಟಿಸಿದವನು ಕವಿ ವಿಲಿಯಂ ಮಾರಿಸ್. ನಕ್ಷೆ ಬರೆದವನು ಗೆಳೆಯ ಫಿಲಿಪ್ ವೆಬ್. ಹೆಸರು ‘ರೆಡ್ ಹೌಸ್’, ಕೆಂಪು ಮನೆ.

ಇಟ್ಟಿಗೆಗೆ ಗಾರೆ ಬಳಿದು ಕಲ್ಲೆಂದು ನಂಬಿಸುವ ವಾಡಿಕೆ ಸಿರಿವಂತರಲ್ಲಿದ್ದ ಕಾಲವದು. ವೆಬ್ ಇಟ್ಟಿಗೆಯನ್ನು ಇಟ್ಟಿಗೆಯಾಗಿಯೇ ಉಳಿಸಿದ. ಕಿಟಕಿಗಳನ್ನೂ ಹೊರಗಿನವರ ಕಣ್ಣಿಗೆಂದು ಸಾಲುಗೂಡಿಸಲಿಲ್ಲ. ಒಳಗೆ ಬೆಳಕು ಬೇಕಾದೆಡೆಯಲ್ಲಿ ಕೆಲವು ಉದ್ದವಾಗಿ, ಕೆಲವು ದುಂಡಾಗಿ ತೆರೆದುಕೊಂಡಿವೆ. ಕಡಿದಾದ ಹೆಂಚಿನ ಮಾಡಿನ ಕೆಳಗೆ ಎರಡು ತೋಳುಗಳಾಗಿ ಮಡಿಸಿದ ಮನೆ. ಆ ಮಡಿಲಲ್ಲಿ ಶಂಕುವಿನಾಕಾರದ ಮಾಡು ಹೊತ್ತ ಬಾವಿ. ಬಾವಿಗೂ ಮನೆಯಷ್ಟೇ ಮರ್ಯಾದೆ ಸಲ್ಲಿಸಿದ ವಾಸ್ತುಶಿಲ್ಪಿಯನ್ನು ನಾನು ಮೆಚ್ಚುತ್ತೇನೆ. ಮುಖ್ಯ ಕೋಣೆಗಳನ್ನು ಉತ್ತರಕ್ಕೆ ತಿರುಗಿಸಿದ್ದನ್ನು ಮಾತ್ರ ಮೆಚ್ಚಲಾರೆ. ನಮ್ಮ ಬಿಸಿಲಿನ ನಾಡಿನಲ್ಲಿ ಅದು ಜಾಣ್ಮೆಯಾಗುತ್ತಿತ್ತು. ಅಲ್ಲಿ ಚಳಿಯನ್ನು ಕರೆದು ಕೂರಿಸಿದಂತಾಯಿತು.

ಮನಸ್ಸಿಗೊಪ್ಪುವ ಸಾಮಾನು ಅಂಗಡಿಗಳಲ್ಲಿ ದೊರೆಯದೆ ಗೆಳೆಯರೇ ಸೇರಿ ಗೋಡೆಗೆ ಚಿತ್ರ ಬರೆದರು, ಪೀಠೋಪಕರಣ ರೂಪಿಸಿದರು. ಆ ಕೂಡುದುಡಿಮೆಯಿಂದ 1861ರಲ್ಲಿ ಮಾರಿಸ್‌ನ ಅಲಂಕಾರ ಕಲೆಯ ಸಂಸ್ಥೆ ಹುಟ್ಟಿತು. ಅದು ಇದ್ದದ್ದು ಲಂಡನ್ನಿನಲ್ಲಿ. ಓಡಾಟ ಕಷ್ಟವಾಯಿತು, ಕಾಯಿಲೆಯೂ ಸೇರಿತು. ಮನೆ ಹೆತ್ತ ಕೂಸೇ ಒಡೆಯನನ್ನು ಮನೆಯಿಂದ ಎಳೆದೊಯ್ದಿತು: 1865ರಲ್ಲಿ ಮಾರಿಸ್ ಅದನ್ನು ಬಿಟ್ಟು ಹೊರಟ. ಅವನು ಅಲ್ಲಿ ಬಾಳಿದ್ದು ಐದೇ ವರ್ಷ.